ರುವಾಂಡಾದಲ್ಲಿ ಅಕ್ಕಪಕ್ಕದ ಮನೆಯವರೇ ಹೆಂಗೆ ಕೊಂದ್ರು, ಈಗ ಒಟ್ಟಿಗೆ ಹೆಂಗೆ ಇದಾರೆ?

ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಎರಡು ವರ್ಷ ಅಕೌಂಟ್ಸ್ ಕೆಲಸ ಮಾಡ್ಕೊಂಡಿದ್ದೆ, ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ನೆ ಮುಂದಕ್ಕೆ ಹೋಗಕ್ಕಾಗ್ಲಿಲ್ಲ. ಇತಿಹಾಸ ಓದಿದೋನಲ್ಲ ನಾನು, ಅಲ್ಲಿ ಕಂಡಿದ್ದು, ಕೇಳಿದ್ದು, ಆಮೇಲೆ ಓದ್ಕೊಂಡಿದ್ದು ಸೇರಿಸಿ ಹೇಳ್ತೀನಿ. 1994ರಲ್ಲಿ ಅಲ್ಲಿ ಹುಟು ಉಗ್ರರು ಟುಟ್ಸಿ ಜನರನ್ನ ಊರೂರಲ್ಲಿ ಕೊಲ್ಲಿಸಿದ್ದಕ್ಕೆ ನೀವು "ಎರಡು ಬುಡಕಟ್ಟಿನ ಸಾವಿರಾರು ವರ್ಷದ ದ್ವೇಷಾನಾ" ಅಂತ ಕೇಳಿದೀರ. ಮೊದ್ಲು ಅದನ್ನ ತಲೆಯಿಂದ ತೆಗೀರಿ.

ಹುಟು, ಟುಟ್ಸಿ ಇಬ್ರೂ ಮಾತಾಡೋದು ಒಂದೇ ಕಿನ್ಯರುವಾಂಡಾ, ಹೋಗೋದು ಅದೇ ಚರ್ಚು, ಇರೋದು ಒಂದೇ ಗುಡ್ಡದ ಮೇಲೆ, ಕೊಟ್ಟು ತಂದು ಸಂಬಂಧಾನೂ ಮಾಡ್ತಿದ್ರು. ದನ ಸಾಕೋರು ಟುಟ್ಸಿ, ಬೇಸಾಯದೋರು ಹುಟು ಅನ್ನೋ ಲೆಕ್ಕ ಹಿಂದಿನಿಂದ ಇತ್ತು, ರಾಜನ ಮನೆ ಟುಟ್ಸಿಗಳದ್ದು, ದಬ್ಬಾಳಿಕೆ ಇರ್ಲಿಲ್ಲ ಅಂತ ನಾನೇನೂ ಹೇಳಲ್ಲ, ಆದ್ರೆ ದನಕರು ಜಾಸ್ತಿಯಾಗಿ ಸ್ಥಿತಿವಂತ ಆದೋನು ನಿಧಾನಕ್ಕೆ ಆ ಕಡೆ ಸೇರ್ಕೊಬಹುದಿತ್ತು. ಆಗ ದೇಶ ಆಳ್ತಿದ್ದ ಬೆಲ್ಜಿಯಂನೋರು 1930ರ ದಶಕದಲ್ಲಿ ಎಲ್ರಿಗೂ ಐಡಿ ಕಾರ್ಡ್ ಮಾಡ್ಸಿ ಅದ್ರಲ್ಲಿ ಹುಟು, ಟುಟ್ಸಿ, ಟ್ವಾ (ಮೂರನೇ ಸಣ್ಣ ಗುಂಪು) ಅಂತ ಬರೆಸ್ಬಿಟ್ರು. ಅಲ್ಲಿಗೆ ಮುಗೀತು, ಅಪ್ಪ ಏನೋ ಮಗಾನೂ ಅದೇ. ಅಷ್ಟು ವರ್ಷ ಟುಟ್ಸಿಗಳನ್ನ ತಲೆ ಮೇಲೆ ಕೂರಿಸ್ಕೊಂಡಿದ್ದೋರು 1959ರ ದಂಗೆ ಹೊತ್ತಿಗೆ ಹುಟುಗಳ ಕಡೆ ವಾಲಿದ್ರು, 1962ರಲ್ಲಿ ಸ್ವಾತಂತ್ರ್ಯ ಬಂದಾಗ ಹುಟು ಸರ್ಕಾರ, ಲಕ್ಷಗಟ್ಟಲೆ ಟುಟ್ಸಿಗಳು ಉಗಾಂಡಾ, ಬುರುಂಡಿ ಕಡೆ ಗಂಟುಮೂಟೆ ಕಟ್ಟಿದ್ರು. ಅಲ್ಲಿ ಕ್ಯಾಂಪಲ್ಲಿ ಬೆಳೆದ ಮಕ್ಕಳೇ 1990ರ ಅಕ್ಟೋಬರ್ 1ಕ್ಕೆ ಆರ್‌ಪಿಎಫ್ ಅನ್ನೋ ಬಂಡಾಯ ಪಡೆ ಕಟ್ಟಿ ಬಂದೂಕು ಹಿಡ್ಕೊಂಡು ಗಡಿ ದಾಟಿ ಬಂದಿದ್ದು. ಅದರ ಹಿಂದಿನ ವರ್ಷ ತಾನೇ ಕಾಫಿ ರೇಟು ನೆಲಕಚ್ಚಿತ್ತು. ದೇಶ ನಡೀತಿದ್ದಿದ್ದೇ ಕಾಫಿ ಮೇಲೆ, ಕಾಫಿ ಬಿದ್ರೆ ಮನೆ ಏನಾಗುತ್ತೆ ಅಂತ ನಮ್ಮ ಮೂಡಿಗೆರೆ ಕಡೆಯೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಇಷ್ಟೆಲ್ಲ ಇದ್ರೂ ಕೊಲೆ ತಂತಾನೇ ಆಗಲ್ಲ, ಅದನ್ನ ಆಗಿಸ್ಬೇಕು. 1993ರಲ್ಲಿ ಆರ್‌ಟಿಎಲ್‌ಎಂ ಅಂತ ರೇಡಿಯೋ ಶುರುವಾಯ್ತು, ಒಳ್ಳೆ ಹಾಡು, ತಮಾಷೆ ಮಾತು, ಮಧ್ಯದಲ್ಲಿ ಟುಟ್ಸಿಗಳಿಗೆ "ಇನ್ಯೆಂಜಿ", ಅಂದ್ರೆ ಜಿರಳೆ. 1994ರ ಏಪ್ರಿಲ್ 6ರ ರಾತ್ರಿ ಹುಟು ಅಧ್ಯಕ್ಷ ಹಬ್ಯಾರಿಮಾನನ ವಿಮಾನ ಹೊಡೆದುರುಳಿಸಿದ್ರು. ಬೆಳಗಾಗೋಷ್ಟರಲ್ಲಿ ರಸ್ತೆಗಳಲ್ಲಿ ಚೆಕ್‌ಪೋಸ್ಟ್, ಕೈಯಲ್ಲಿ ಲಿಸ್ಟ್. ಮೊದಲ ದಿನ ಸತ್ತೋರಲ್ಲಿ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನಾ ಒಬ್ರು, ಆಕೆ ಹುಟುನೇ, ಆದ್ರೆ ಉಗ್ರರ ಪರ ಇರ್ಲಿಲ್ಲ. ವಿಶ್ವಸಂಸ್ಥೆ ಶಾಂತಿಪಡೆ ಕಡೆಯಿಂದ ಆಕೆಗೆ ಕಾವಲಿದ್ದ 10 ಜನ ಬೆಲ್ಜಿಯಂ ಸೈನಿಕರನ್ನೂ ಕೊಂದ್ರು. ಏಪ್ರಿಲ್ 21ಕ್ಕೆ ವಿಶ್ವಸಂಸ್ಥೆ ಏನ್ಮಾಡ್ತು ಗೊತ್ತಾ, ಇದ್ದ ಎರಡೂವರೆ ಸಾವಿರ ಸೈನಿಕರನ್ನ 270ಕ್ಕೆ ಇಳಿಸೋಣ ಅಂತ ವೋಟ್ ಹಾಕ್ತು!

ನನಗೆ ಎಲ್ಲಕ್ಕಿಂತ ಕಾಡಿದ್ದು ದಕ್ಷಿಣದ ಬುಟಾರೆ ಜಿಲ್ಲೆ ಕತೆ. ದೇಶದಲ್ಲಿದ್ದ ಒಬ್ಬನೇ ಟುಟ್ಸಿ ಪ್ರಿಫೆಕ್ಟ್, ನಮ್ಮ ಡಿಸಿ ಇದ್ದಂಗೆ, ಆ ಜಿಲ್ಲೆಯೋನು. ಬೇರೆ ಕಡೆ ಹೆಣ ಬೀಳ್ತಿದ್ರೂ ಎರಡು ವಾರ ಹತ್ರ ಅಲ್ಲಿ ಬಹುಪಾಲು ಶಾಂತಿ ಇತ್ತು. ಅದೇ ಜನ, ಅದೇ ಹುಟು ಟುಟ್ಸಿ, ಹಳೇ ದ್ವೇಷ ಆಗಿದ್ರೆ ಅಲ್ಲೂ ಹತ್ತಿ ಉರೀಬೇಕಿತ್ತಲ್ವ? ಆಮೇಲೆ ಅವನನ್ನ ಕುರ್ಚಿಯಿಂದ ಇಳಿಸಿದ್ರು, ಏಪ್ರಿಲ್ 19ಕ್ಕೆ ಹಂಗಾಮಿ ಅಧ್ಯಕ್ಷ ಸಿಂದಿಕುಬ್ವಾಬೋನೇ ಬಂದು ಭಾಷಣ ಮಾಡ್ದ, ಎಲ್ರೂ "ಕೆಲಸ" ಮಾಡ್ಬೇಕು ಅಂತ. ಆಗಿನ ಭಾಷೇಲಿ ಕೆಲಸ ಅಂದ್ರೆ ಕೊಲ್ಲೋದು. ಶುರುವಾಗೇಬಿಡ್ತು. ಪ್ರಿಫೆಕ್ಟನ್ನೂ ಕೊಂದ್ರು.

ಮತ್ತೆ ಪಕ್ಕದ ಮನೆಯೋರೇ ಯಾಕೆ ಅಂದ್ರೆ, ಅವರಿಗೇ ಎಲ್ಲ ಗೊತ್ತಿರೋದು. ಯಾರ ಮನೇಲಿ ಎಷ್ಟು ಮಕ್ಕಳು, ಯಾರು ಯಾವ ತೋಟದ ಕಡೆ ಓಡಿರ್ತಾರೆ, ಇದೆಲ್ಲ ಪೇಟೆಯಿಂದ ಬಂದ ಸೈನಿಕನಿಗೆ ಏನ್ ಗೊತ್ತು? ಮಚ್ಚು ಎಲ್ಲರ ಮನೇಲೂ ಇತ್ತು, ಬಾಳೆಗೊನೆ ಕಡಿಯೋ ಮಚ್ಚು. ಬರಲ್ಲ ಅಂದೋನಿಗೆ ದಂಡ, ಕೆಲವರಿಗೆ ಸಾವು. ಹೋದೋರಿಗೆ ಸತ್ತೋನ ದನ, ಚಾವಣಿ ಹೆಂಚು, ಅರ್ಧ ಎಕರೆ ಜಮೀನು. ಬಚ್ಚಿಟ್ಟು ಕಾಪಾಡ್ದೋರೂ ಇದ್ರು, ಅದನ್ನೂ ಹೇಳ್ಬೇಕು. ಸುಮಾರು ನೂರು ದಿನಕ್ಕೆ 8 ಲಕ್ಷ ಜನ ಅಂತಾರೆ, ಅಲ್ಲಿನ ಸರ್ಕಾರ 10 ಲಕ್ಷದ ಮೇಲೆ ಅನ್ನುತ್ತೆ. ಆಸರೆಗೆ ಸೇರಿದ್ದೋರನ್ನ ಕೊಂದಿದ್ದ ನ್ಯಾಮಾಟದ ಚರ್ಚ್‌ಗೆ ಹೋಗಿದ್ದೆ, ಬೆಂಚುಗಳ ಮೇಲೆ ಬರೀ ಸತ್ತೋರ ಬಟ್ಟೆ, ಮಕ್ಕಳ ಸ್ವೆಟರು, ಮಣ್ಣಿನ ಬಣ್ಣಕ್ಕೆ ತಿರುಗಿದ ಲಂಗ. ಪೂಜೆ ಮಾಡೋ ಜಾಗದಲ್ಲಿ ಅದೇ ಐಡಿ ಕಾರ್ಡುಗಳು. ತಗಡಿನ ಸೂರಲ್ಲಿ ತೂತು, ಅಲ್ಲಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳ್ತಿತ್ತು.

ಆಮೇಲಿಂದು. ಜುಲೈಯಲ್ಲಿ ಆರ್‌ಪಿಎಫ್ ಗೆದ್ದಾಗ ಲಕ್ಷಗಟ್ಟಲೆ ಹುಟುಗಳು ಕಾಂಗೋಗೆ ಓಡಿದ್ರು, ಅಲ್ಲಿನ ಗಡಿ ಊರು ಗೋಮಾದ ಕ್ಯಾಂಪಲ್ಲಿ ಕಾಲರಾ, 1996ರಿಂದ ಅಲ್ಲಿ ಯುದ್ಧ, ಆರ್‌ಪಿಎಫ್ ಕಡೆಯೋರೂ ಹುಟುಗಳನ್ನ ಕೊಂದಿದಾರೆ. ಆದ್ರೆ ಅದನ್ನ ರುವಾಂಡಾದಲ್ಲಿ ಬಾಯಿಬಿಟ್ಟು ಕೇಳಂಗಿಲ್ಲ, ಆರ್‌ಪಿಎಫ್ ನಾಯಕ ಕಗಾಮೆಯ ಸರ್ಕಾರ ಬಿಡಲ್ಲ, ನನಗೆ ಅದು ಸರಿ ಅನ್ಸಲ್ಲ. ಇನ್ನು ಕೊಲೆ ಆರೋಪದ ಮೇಲೆ ಜೈಲಲ್ಲಿ ಲಕ್ಷಕ್ಕೂ ಜಾಸ್ತಿ ಜನ ಇದ್ರು, ಮಾಮೂಲಿ ಕೋರ್ಟಲ್ಲಿ ನಡೆಸಿದ್ರೆ ನೂರು ವರ್ಷ ಆಗ್ತಿತ್ತು, ಅದಕ್ಕೆ ಗಚಾಚಾ ಅಂತ ಪಂಚಾಯ್ತಿ ಕಟ್ಟೆ ಥರ ಮಾಡಿದ್ರು, ಊರೋರೇ ಆರಿಸಿದ ನ್ಯಾಯಾಧೀಶರು, ಹುಲ್ಲಿನ ಮೇಲೆ ಕೂತ ಜನ. 2012ಕ್ಕೆ ಮುಚ್ಚೋಷ್ಟರಲ್ಲಿ ಹತ್ತಿರ ಹತ್ತಿರ 20 ಲಕ್ಷ ಕೇಸು ಮುಗಿಸಿದ್ರು. ತಪ್ಪು ಒಪ್ಕೊಂಡು, ಹೆಣ ಎಲ್ಲಿ ಹಾಕಿದೀನಿ ಅಂತ ಹೇಳಿದ್ರೆ ಶಿಕ್ಷೆ ಕಮ್ಮಿ.

ಈಗ ಕಾರ್ಡಲ್ಲಿ ಆ ಸಾಲಿಲ್ಲ, ಕೇಳೋ ಹಂಗೂ ಇಲ್ಲ. ನಾನು ಹೋದ ಹೊಸದ್ರಲ್ಲಿ ನಮ್ಮೂರಲ್ಲಿ "ನಿಮ್ದು ಯಾವ ಜನ?" ಅಂತ ಕೇಳ್ತೀವಲ್ಲ, ಆ ಚಾಳಿಗೆ ಸ್ಟೋರ್ಸ್ ನೋಡ್ಕೊಳ್ತಿದ್ದ ಒಬ್ರನ್ನ ಕೇಳ್ಬಿಟ್ಟೆ. "ನಾವು ರುವಾಂಡದೋರು" ಅಂದು ಎದ್ದು ಹೋದ್ರು. ನಾಚಿಕೆ ಆಗೋಯ್ತು. ಎಂಟು ತಿಂಗಳಾದ್ಮೇಲೆ, ಏಪ್ರಿಲ್‌ನ ಸ್ಮರಣೆ ವಾರದಲ್ಲಿ, ಊರಲ್ಲೆಲ್ಲೂ ಹಾಡಿಲ್ಲ, ಮದುವೆ ಇಲ್ಲ, ಅವರೇ ನನ್ನ ಟೇಬಲ್ ಹತ್ರ ಬಂದು ಕೂತು ಅಮ್ಮನ ಬಗ್ಗೆ ಹೇಳಿದ್ರು. ಊರಿನ ಒಬ್ಬ ಗಚಾಚಾದಲ್ಲಿ ಒಪ್ಕೊಂಡು ಇವರ ಅಪ್ಪನ ಮೂಳೆ ಇದ್ದ ಜಾಗ ತೋರಿಸಿದ್ನಂತೆ. ನಾಲ್ಕು ವರ್ಷದ ತಂಗಿದು ಮಾತ್ರ ಗೊತ್ತಿಲ್ಲ ಅಂದ್ನಂತೆ. ಜೈಲು ಮುಗಿಸಿ ಬಂದು ಅದೇ ಗುಡ್ಡದಲ್ಲಿದಾನೆ, ಎರಡು ಮನೆ ಆಚೆ. ಅಮ್ಮ ದಿನಾ ಅವನಿಗೆ "ಅಮಾಕುರು?" ಅಂತಾರೆ, ಅಂದ್ರೆ ಏನ್ ಸಮಾಚಾರ ಅಂತ. ಸೌತೆಕಾಯಿ ಬಿಟ್ರೆ ಅವನ ಹೆಂಡ್ತಿಗೆ ಕೊಡ್ತಾರೆ. ಅಷ್ಟು ದೊಡ್ಡ ಮನಸ್ಸಾ ಅಂದೆ ನಾನು. ಇಲ್ಲ, ಅವನಿಗೆ ಗೊತ್ತಿದೆ ಅಂತ ಅಮ್ಮಂಗೆ ಗ್ಯಾರಂಟಿ, ಮಾತು ಬಿಟ್ರೆ ಅವನು ಯಾವತ್ತೂ ಹೇಳಲ್ವಲ್ಲ, ಅಂದ್ರು.