ಯಂತ್ರಕ್ಕಿಂತ ಮೊದಲು ರೊಟ್ಟಿಯ ಲೆಕ್ಕ

ಪತ್ರ: ನಮ್ಮದು ಬಾಗಲಕೋಟೆ ಜಿಲ್ಲೆಯ ಹತ್ತು ಹೆಣ್ಣುಮಕ್ಕಳ ಸಂಘ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಕಲಿತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತೇವೆ. ಮೇಳದಲ್ಲಿ ಚೆನ್ನಾಗಿ ಹೋಗುತ್ತದೆ, ಮೇಳ ಮುಗಿದರೆ ಕೇಳುವವರಿಲ್ಲ. ಬೆಂಗಳೂರಿನ ಅಂಗಡಿಯೊಂದು ಹತ್ತು ರೊಟ್ಟಿಯ ಪೊಟ್ಟಣಕ್ಕೆ 40 ರೂಪಾಯಿಯಂತೆ ತರಿಸಿಕೊಂಡು, ಮುರಿದಿವೆ, ಬೂಷ್ಟು ಹಿಡಿದಿವೆ ಎಂದು ಅರ್ಧ ವಾಪಸ್ ಕಳಿಸಿತು. ಒಬ್ಬಳು ಆರು ತಾಸು ಕೂತರೆ 150 ರೊಟ್ಟಿ ಆಗುತ್ತವೆ. ರೊಟ್ಟಿ ಯಂತ್ರಕ್ಕೆ ಸಾಲ ತೆಗೆಯಬಹುದೇ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಸದ್ಯಕ್ಕೆ ಬೇಡ. ಈಗಿನ ದರದಲ್ಲಿ ಯಂತ್ರ ತಂದರೆ ನಷ್ಟವೂ ಬೇಗ ಬೇಗ ತಯಾರಾಗುತ್ತದೆ, ಅಷ್ಟೇ.

ನೀವೇ ಕೊಟ್ಟ ಅಂಕಿಯಿಂದ ಲೆಕ್ಕ ಹಾಕೋಣ. ಉಳಿದ ದರ ನಿಮ್ಮೂರಿನದಕ್ಕೆ ಬದಲಿಸಿಕೊಳ್ಳಿ. ರೊಟ್ಟಿಗೆ 40 ಗ್ರಾಂ ಹಿಟ್ಟು ಹಿಡಿದರೆ 150ಕ್ಕೆ 6 ಕಿಲೊ. ಬೀಸಿದ ಕೂಲಿ ಸೇರಿ ಕಿಲೊಗೆ 50 ಎಂದರೆ 300 ರೂಪಾಯಿ. ಗ್ಯಾಸ್ 90, ಹದಿನೈದು ಪೊಟ್ಟಣದ ಕವರು, ಚೀಟಿ 45. ಒಟ್ಟು 435. ಅರ್ಧ ವಾಪಸ್ ಬಂದದ್ದು ಬಿಡಿ, ಹತ್ತರಲ್ಲಿ ಒಂದೇ ಮುರಿದರೂ ಕೈಗೆ ಬರುವುದು ಹದಿಮೂರೂವರೆ ಪೊಟ್ಟಣದ ಹಣ, 540. ಆರು ತಾಸು ಒಲೆ ಮುಂದೆ ಕೂತವಳಿಗೆ ಸಿಕ್ಕಿದ್ದು 105 ರೂಪಾಯಿ, ತಾಸಿಗೆ ಹದಿನೇಳೂವರೆ. ಅದರಲ್ಲೇ ಬಸ್ ಚಾರ್ಜೂ ಹೋಗಬೇಕು. ದಿನಕ್ಕೆ 400 ಕೂಲಿ ಬರಬೇಕಾದರೆ ಅಂಗಡಿಗೆ ಕೊಡುವ ದರ 62 ಆಗಬೇಕು. ಒಂದೂ ಮುರಿಯದಿದ್ದರೆ 56 ಸಾಕು. ಅಂದರೆ ಮುರುಕಲೊಂದೇ ಪೊಟ್ಟಣಕ್ಕೆ ಆರು ರೂಪಾಯಿ ತಿನ್ನುತ್ತಿದೆ. 'ಮನೆಗೆಲಸದ ನಡುವೆ ಮಾಡಿದ್ದು, ಅದಕ್ಕೇನು ಕೂಲಿ' ಎಂದು ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಅವರ ಮಾತು ಕೇಳಿ ದರ ಕಟ್ಟಬೇಡಿ.

ಇನ್ನು ಮುರಿಯುವುದು ಯಾಕೆ? ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಬೆಂದು ಅಂಟು ಬರುತ್ತದೆ. ಎಸರು ಆರಿದ್ದರೆ, ಹಿಟ್ಟು ಹಳತಾಗಿದ್ದರೆ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಆ ಬಿರುಕು ಹಂಚಿನ ಮೇಲೆ ಕಾಣದು, ಲಾರಿಯಲ್ಲಿ ಕಾಣುತ್ತದೆ. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ ಸಿಕ್ಕರೆ ಒಳ್ಳೆಯದು, ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಎರಡನೆಯ ಕಾರಣ ಅಳತೆ. ಹತ್ತು ಮನೆಯ ರೊಟ್ಟಿ ಹತ್ತು ಗಾತ್ರದ್ದು. ಒಟ್ಟಿಗೆ ಪೇರಿಸಿದಾಗ ದೊಡ್ಡದರ ಅಂಚು ಹೊರಗೆ ಚಾಚಿಕೊಂಡು ಮೊದಲ ಏಟು ಅದಕ್ಕೇ. ಎಲ್ಲರಿಗೂ ಒಂದೇ ಅಳತೆಯ ಸ್ಟೀಲ್ ತಟ್ಟೆ ಕೊಡಿ. ಅದರಲ್ಲಿ ಕೂರದ ರೊಟ್ಟಿ ಮನೆಗೆ, ಮಾರಾಟಕ್ಕಲ್ಲ. ತೆಳು ಪ್ಲಾಸ್ಟಿಕ್ ಕವರು ಸಾಲದು. ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು ಕಟ್ಟಿ, ಡಬ್ಬಿಯಲ್ಲಿ ಐದು ಪೊಟ್ಟಣಕ್ಕಿಂತ ಎತ್ತರ ಪೇರಿಸಬೇಡಿ.

ಬೂಷ್ಟಿಗೆ ಕಾರಣ ಅವಸರ. ಬಿಸಿ ಇರುವಾಗಲೇ ಕಟ್ಟಿದರೆ ಹಬೆ ಕವರಿನೊಳಗೇ ನೀರಾಗುತ್ತದೆ. ರೊಟ್ಟಿ ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ನೀರಿನಂಶ ಪೂರ್ತಿ ತೆಗೆಯಿರಿ, ಬುಟ್ಟಿಯಲ್ಲಿ ಹರಡಿ ಚೆನ್ನಾಗಿ ಆರಿಸಿ. ಪ್ರತಿ ಬುಟ್ಟಿಯಿಂದ ಒಂದನ್ನು ಮುರಿದು ನೋಡಿ: ನಡುಭಾಗವೂ ಕಟ್ ಎಂದು ಮುರಿಯಬೇಕು. ಬಾಗಿದರೆ ಆ ಬುಟ್ಟಿ ಮತ್ತೆ ಹಂಚಿಗೆ. ಮಳೆಗಾಲದಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಗಾಳಿಯ ತೇವ ಮತ್ತೆ ಕುಡಿಯುತ್ತದೆ. ಚಟ್ನಿಯಲ್ಲಿ ತೊಂದರೆ ಕೊಡುವುದು ಹಸಿ ಬೆಳ್ಳುಳ್ಳಿ, ಮುರುಟಿದ ಶೇಂಗಾ. ಬೆಳ್ಳುಳ್ಳಿ ಹುರಿದು ಹಾಕಿ, ಮುರುಟಿದ ಶೇಂಗಾ ಹೆಕ್ಕಿ ಎಸೆಯಿರಿ.

1959ರಲ್ಲಿ ಮುಂಬೈಯ ಗಿರಗಾಂವದಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರು ಮಾಡಿದ ಲಿಜ್ಜತ್ ಹಪ್ಪಳದ ಹೆಸರು ಎಲ್ಲರೂ ಹೇಳುತ್ತಾರೆ. ನೋಡಬೇಕಾದ್ದು ಅದರ ಕೆಲಸದ ಪದ್ಧತಿ: ಹಿಟ್ಟು ಒಂದೇ ಕಡೆ ಕಲಸಿ ತೂಗಿ ಕೊಡುತ್ತಾರೆ, ಮನೆಯಲ್ಲಿ ಲಟ್ಟಿಸಿ ತಂದದ್ದನ್ನು ಪರೀಕ್ಷಿಸಿ ತೆಗೆದುಕೊಳ್ಳುತ್ತಾರೆ. ರೊಟ್ಟಿ ಹಿಟ್ಟನ್ನು ಹಾಗೆ ಕಲಸಿ ಹಂಚಲು ಬಾರದು, ಆದರೆ ಒಂದೇ ಕಡೆ ಬೀಸಿದ ಹಿಟ್ಟು ತೂಗಿ ಕೊಡಬಹುದು, ಬುಟ್ಟಿ ನೋಡಿ ಒಳಗೆ ಬಿಡಲು ಒಬ್ಬರನ್ನು ಕೂರಿಸಬಹುದು. ಆ ಒಬ್ಬರು ಅತ್ತೆ-ಸೊಸೆ, ನೆರೆಹೊರೆ ಎಂದು ಮುಖ ನೋಡುವವರಾಗಬಾರದು!

ಮಾರಾಟಕ್ಕೆ ಬೆಂಗಳೂರನ್ನೇ ಹಿಡಿದು ಕೂರಬೇಡಿ. ಮೇಳದಲ್ಲಿ ಕೊಂಡವರು ಮತ್ತೆ ಸಿಗುವುದಿಲ್ಲ, ಖಾನಾವಳಿಯವರು ದಿನಾ ಬೇಕೆನ್ನುತ್ತಾರೆ. ಬಾಗಲಕೋಟೆ, ಹುಬ್ಬಳ್ಳಿಯ ಎರಡು ಮೂರು ಖಾನಾವಳಿ, ಮದುವೆ ಅಡುಗೆಯವರು ಸಿಕ್ಕರೆ ಮೆತ್ತನೆ ರೊಟ್ಟಿ ಕೊಡಿ: ಪೊಟ್ಟಣದ ಖರ್ಚಿಲ್ಲ, ದಾರಿಯಲ್ಲಿ ಮುರಿಯುವ ಭಯವಿಲ್ಲ, ಹಣ ವಾರಕ್ಕೊಮ್ಮೆ ಬರುತ್ತದೆ. ದೂರದ ಅಂಗಡಿಗೆ ಒಪ್ಪುವ ಮುನ್ನ ಮೂರು ಮಾತು ಬರೆದುಕೊಳ್ಳಿ: ಹಳೆ ಬಾಕಿ ತೀರಿದ ಮೇಲೆ ಹೊಸ ಮಾಲು, ವಾಪಸ್ ಆಗುವ ಮಾಲನ್ನು ಮುಟ್ಟಿದ ದಿನವೇ ಫೋಟೊ ಕಳಿಸಿ ತಿಳಿಸಬೇಕು, ತಿಂಗಳ ಮೇಲೆ ಇಟ್ಟು ಹಳಸಿದ್ದು ಅಂಗಡಿಯದೇ ಹೊಣೆ. ಉದ್ರಿ ಕೇಳುವವರು ಈ ಕಾಗದ ಕಂಡೊಡನೆ ಕಮ್ಮಿಯಾಗುತ್ತಾರೆ.

ನಿಮ್ಮಂಥ ಸಣ್ಣ ವಹಿವಾಟಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಮೂಲ ನೋಂದಣಿ ಸಾಕು. ಸಿಗುವ 14 ಅಂಕಿಯ ಸಂಖ್ಯೆ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ವಿಳಾಸ ಪೊಟ್ಟಣದ ಮೇಲೆ ಇರಲಿ. ಚಟ್ನಿಯ ಮೇಲೆ ಶೇಂಗಾ ಇದೆ ಎಂದು ಎದ್ದು ಕಾಣುವಂತೆ ಬರೆಯಿರಿ, ಅದು ಒಗ್ಗದವರಿದ್ದಾರೆ.

ಸಾಲದ ಮಾತು. ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35 ಸಹಾಯಧನಕ್ಕೆ ರಾಜ್ಯ ಶೇ 15 ಸೇರಿಸಿತ್ತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿ. ಆದರೆ ಸಹಾಯಧನ ಕೈಗೆ ಬರುವ ನಗದಲ್ಲ. ಬ್ಯಾಂಕು ಅದನ್ನು ಮೂರು ವರ್ಷ ಪ್ರತ್ಯೇಕ ಖಾತೆಯಲ್ಲಿ ಇಟ್ಟುಕೊಂಡು, ಕಂತು ಸರಿಯಾಗಿ ಕಟ್ಟಿದವರ ಸಾಲಕ್ಕೆ ಆಮೇಲೆ ಜಮಾ ಮಾಡುತ್ತದೆ. ಮೂರು ತಿಂಗಳು ಬಿಡದೆ ಆರ್ಡರ್ ಬಂದು, ಕೈ ಸಾಲದೆ ಮಾಲು ನಿಲ್ಲುವಂತಾದರೆ ಆಗ ಯಂತ್ರ ನೋಡಿ. ಕೊಳ್ಳುವ ಮುನ್ನ ನಿಮ್ಮದೇ ಹಿಟ್ಟು ಒಯ್ದು ನೂರು ರೊಟ್ಟಿ ಮಾಡಿಸಿ. ಗೋಧಿ ಚಪಾತಿ ಮಾಡಿ ತೋರಿಸಿದರೆ ಒಪ್ಪಬೇಡಿ. ನೀವು ಕಲಿತ ಸಂಸ್ಥೆ ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆಂಬಲ ಕೊಡಬೇಕೆಂಬ ನಿಯಮವಿದೆ. ಬ್ಯಾಂಕಿಗೆ ಹೋಗುವಾಗ ಅವರನ್ನು ಕರೆದುಕೊಂಡೇ ಹೋಗಿ.

ನೀವು ಕೇಳದ ಒಂದು ವಿಷಯ. ಪತ್ರದ ಜೊತೆ ಕಳಿಸಿದ ಪೊಟ್ಟಣದ ಫೋಟೊದಲ್ಲಿ ಹಣ ಕಳಿಸುವ ಕ್ಯೂಆರ್ ಚೀಟಿ ಇದೆ, ಅದರ ಕೆಳಗಿನ ಹೆಸರು ಗಂಡಸಿನದು. ಬಹುಶಃ ಸಂಘದಲ್ಲಿ ಯಾರದೋ ಯಜಮಾನರ ಫೋನಿರಬೇಕು. ಈ ವಾರವೇ ಸಂಘದ ಖಾತೆಯ ಕ್ಯೂಆರ್ ಮಾಡಿಸಿ ಬದಲಿಸಿ. ಪ್ರತಿ ಶನಿವಾರ ಒಬ್ಬೊಬ್ಬರ ರೊಟ್ಟಿ ಎಣಿಸಿ, ಕೂಲಿಯನ್ನು ಅವರವರ ಹೆಸರಿನ ಖಾತೆಗೇ ಹಾಕಿ.