ಫೈನ್ ಕಟ್ಬಿಡೋದಾ, ಪ್ರಶ್ನೆ ಮಾಡೋದಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಟ್ರಾಫಿಕ್ ಚಲನ್ ಬಗ್ಗೆನೇ ಇವೆ, ಹಂಗಾಗಿ ಬೇರೆದನ್ನೆಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, ಹೆಲ್ಮೆಟ್ ಹಾಕಿಲ್ಲ ಅಂತ ನನ್ನ ಸ್ಕೂಟರ್ ಮೇಲೆ 500 ರೂಪಾಯಿ ಫೈನ್ ಬಿದ್ದಿದೆ ಅಂತ ಮೆಸೇಜ್ ಬಂದಿದೆ. ಜಾಗ ಬೆಂಗಳೂರಿನ ಯಾವ್ದೋ ಜಂಕ್ಷನ್. ನಾನಿರೋದು ತುಮಕೂರಲ್ಲಿ, ಆ ದಿನ ಗಾಡಿ ಮನೆ ಮುಂದೇನೇ ಇತ್ತು. ನಮ್ಮೆಜಮಾನ್ರು "500 ರೂಪಾಯಿಗೋಸ್ಕರ ಯಾರು ಬೆಂಗಳೂರಿಗೆ ಅಲೀತಾರೆ, ಕಟ್ಟಿ ಸುಮ್ನಾಗು" ಅಂತಿದಾರೆ. ನಂಗೆ ಮನಸ್ಸು ಒಪ್ತಿಲ್ಲ. ಏನ್ ಮಾಡ್ಲಿ?
ಓದುಗರು, ತುಮಕೂರು

ಉತ್ತರ: ಕಟ್ಬೇಡಿ ಅಮ್ಮ. ಆದ್ರೆ ಸುಮ್ನೆ ಕೂರಲೂ ಬೇಡಿ.

ಎಲ್ಲಕ್ಕಿಂತ ಮೊದ್ಲು ಆ ಮೆಸೇಜ್ ನಿಜವಾದ್ದಾ ನೋಡ್ಕೊಳಿ. ವಾಟ್ಸಾಪ್‌ನಲ್ಲಿ ಚಲನ್ ಅಂತ ಹೇಳಿ ಎಪಿಕೆ ಫೈಲ್ (ಫೋನಿಗೆ ಆಪ್ ಹಾಕೋ ಫೈಲ್) ಕಳ್ಸಿ, ಅದನ್ನ ಒತ್ತಿದ ತಕ್ಷಣ ಫೋನ್ ಒಳಗೆ ನುಗ್ಗಿ ಬ್ಯಾಂಕ್ ಖಾತೆ ಖಾಲಿ ಮಾಡೋ ಮೋಸ ತುಂಬಾ ನಡೀತಿದೆ. ಮೆಸೇಜ್‌ನಲ್ಲಿರೋ ಲಿಂಕ್ ಮುಟ್ಲೇಬೇಡಿ. ನೀವೇ ಬ್ರೌಸರ್ ತೆಗೆದು ಪರಿವಾಹನ್ ಇ-ಚಲನ್ ಸರ್ಕಾರಿ ವೆಬ್‌ಸೈಟ್‌ಗೋ ಬೆಂಗಳೂರು ಟ್ರಾಫಿಕ್ ಪೊಲೀಸರ ವೆಬ್‌ಸೈಟ್‌ಗೋ ಹೋಗಿ ಗಾಡಿ ನಂಬರ್ ಹಾಕಿ ನೋಡಿ. ಅಲ್ಲಿ ಚಲನ್ ಇದ್ರೆ ಮಾತ್ರ ಅದು ನಿಜವಾದ ಚಲನ್.

ಇದೆ ಅಂತಾದ್ರೆ ಅದರ ಜೊತೆ ಫೋಟೋ ಇರುತ್ತೆ, ಆ ಫೋಟೋನೇ ನಿಮ್ಮ ಇಡೀ ಕೇಸು. ದೊಡ್ಡದು ಮಾಡಿ ಸಮಾಧಾನವಾಗಿ ನೋಡಿ. ಬೆಂಗಳೂರಲ್ಲಿ 2022ರ ಡಿಸೆಂಬರ್‌ನಿಂದ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ತಾನೇ ಓದೋ ಕ್ಯಾಮೆರಾ ಹಾಕಿದಾರೆ. ಪ್ಲೇಟ್ ಮೇಲೆ ಧೂಳಿದ್ರೆ, ಅಕ್ಷರದ ಮೇಲೆ ಸ್ಕ್ರೂ ಹೊಡ್ದಿದ್ರೆ, ಇಂಗ್ಲಿಷಿನ 'ಬಿ' 8 ಥರ, 'ಡಿ' ಸೊನ್ನೆ ಥರ ಕಂಡ್ರೆ ಯಾರದೋ ಚಲನ್ ಇನ್ಯಾರದೋ ಹೆಸರಿಗೆ ಹೋಗ್ಬಿಡುತ್ತೆ. ಫೋಟೋದಲ್ಲಿ ಬೈಕ್ ಇದ್ದು ನಿಮ್ಮದು ಸ್ಕೂಟರ್ ಆಗಿದ್ರೆ, ಅಥವಾ ಬಣ್ಣ ಬೇರೆ, ಕಂಪನಿ ಬೇರೆ ಇದ್ರೆ ನಿಮ್ಮ ಕೆಲಸ ಬಹಳ ಸುಲಭ, ಮನೇಲಿ ಕೂತೇ ಮುಗಿಸ್ಬಹುದು.

ಅದೇ ಫೋಟೋದಲ್ಲಿ ನಿಮ್ಮದೇ ಕಂಪನಿ, ನಿಮ್ಮದೇ ಬಣ್ಣ, ನಿಮ್ಮದೇ ನಂಬರ್ ಸ್ಪಷ್ಟವಾಗಿ ಕಾಣ್ತಿದ್ರೆ ಅದು ಗಂಭೀರ. ಯಾರೋ ನಿಮ್ಮ ನಂಬರ್ ಹಾಕ್ಕೊಂಡು ಓಡಾಡ್ತಿದಾರೆ ಅಂತರ್ಥ. ಆಗ 500 ರೂಪಾಯಿ ಲೆಕ್ಕ ಬಿಟ್ಬಿಡಿ, ನಾಳೆ ಆ ಗಾಡಿ ಯಾರಿಗಾದ್ರೂ ಗುದ್ದಿ ಪರಾರಿಯಾದ್ರೆ ಪೊಲೀಸರು ಮೊದಲು ಬಂದು ನಿಲ್ಲೋದು ನಿಮ್ಮ ಮನೆ ಬಾಗಿಲಿಗೆ, ಮತ್ತೆ ಆಗ ನೀವು ಈ ಚಲನ್ ಕಟ್ಟಿರೋ ರಸೀದಿ ಇದ್ರೆ "ಆ ಗಾಡಿ ನಂದಲ್ಲ" ಅಂತ ಹೇಳೋ ಬಾಯಿ ನೀವೇ ಮುಚ್ಕೊಂಡಂಗೆ. ಫೈನ್ ಕಟ್ಟೋದು ಅಂದ್ರೆ ತಪ್ಪು ಒಪ್ಕೊಂಡಂಗೇನೇ. ಹೆಲ್ಮೆಟ್ ಕೇಸಲ್ಲಿ ಇನ್ನೊಂದು ವಿಷ್ಯ ಇದೆ, ಮೋಟಾರು ವಾಹನ ಕಾಯ್ದೆಯ 194ಡಿ ಸೆಕ್ಷನ್ ಪ್ರಕಾರ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಅನರ್ಹ ಮಾಡೋ ಅವಕಾಶನೂ ಇದೆ. ಮಾಡದ ತಪ್ಪನ್ನ ಯಾಕೆ ತಲೆ ಮೇಲೆ ಹಾಕ್ಕೋಬೇಕು?

ಹಂಗಾಗಿ ನಕಲಿ ಪ್ಲೇಟ್ ಅನುಮಾನ ಇದ್ರೆ ನಿಮ್ಮೂರ ಸ್ಟೇಷನ್‌ನಲ್ಲೇ ಒಂದು ದೂರು ಕೊಟ್ಟು ಸ್ವೀಕೃತಿ ಪತ್ರ ತಗೊಳಿ. ಅಕ್ಕಪಕ್ಕದವ್ರ ಮನೆ ಸಿಸಿಟಿವಿಯಲ್ಲಿ ಆ ಹೊತ್ತಿಗೆ ನಿಮ್ಮ ಗಾಡಿ ನಿಂತಿರೋದು ಸಿಕ್ಕಿದ್ರೆ ಇವತ್ತೇ ಕಾಪಿ ಮಾಡಿಸ್ಕೊಳಿ, ಆ ರೆಕಾರ್ಡಿಂಗ್ ಬಹಳ ದಿನ ಉಳಿಯಲ್ಲ, ಹೊಸದು ಹಳೇದರ ಮೇಲೆ ಬಂದು ಅಳಿಸಿ ಹೋಗುತ್ತೆ. ನಿಮ್ಮ ಗಾಡಿಗೆ ಹೈ ಸೆಕ್ಯೂರಿಟಿ ಪ್ಲೇಟ್ ಹಾಕ್ಸಿದ್ರೆ ಅದರ ಮೇಲೆ ಅಶೋಕ ಚಕ್ರದ ಹೊಲೋಗ್ರಾಮ್, ಲೇಸರ್‌ನಲ್ಲಿ ಕೊರೆದ ಸಂಖ್ಯೆ ಇರುತ್ತೆ, ಫೋಟೋದಲ್ಲಿರೋ ಗಾಡೀಲಿ ಮಾಮೂಲಿ ಪ್ಲೇಟ್ ಇದ್ರೆ ಆ ವ್ಯತ್ಯಾಸನೇ ದೊಡ್ಡ ಸಾಕ್ಷಿ.

ಆಕ್ಷೇಪಣೆ ಬರೆಯೋವಾಗ ಕೋಪ ಬರೀಬೇಡಿ, ಕ್ಯಾಮೆರಾ ಸರಿಯಿಲ್ಲ ವ್ಯವಸ್ಥೆ ಸರಿಯಿಲ್ಲ ಅಂತೆಲ್ಲ ಎರಡು ಪುಟ ಬರೆದ್ರೆ ಮುಖ್ಯ ಸಾಲೇ ಓದೋರ ಕಣ್ಣಿಗೆ ಬೀಳಲ್ಲ. ಚಲನ್ ನಂಬರ್, ಗಾಡಿ ನಂಬರ್, ದಿನ, ಸಮಯ, ಜಾಗ ಬರೆದು "ಫೋಟೋದಲ್ಲಿರುವ ವಾಹನ ನನ್ನದಲ್ಲ, ನನ್ನ ವಾಹನ ಇಂಥ ಬಣ್ಣದ ಇಂಥ ಕಂಪನಿಯ ಸ್ಕೂಟರ್, ಫೋಟೋ ಮತ್ತು ಆರ್‌ಸಿ ಲಗತ್ತಿಸಿದ್ದೇನೆ, ಚಲನ್ ರದ್ದು ಮಾಡಲು ಕೋರುತ್ತೇನೆ" ಅಂದ್ರೆ ಸಾಕು. ನಿಮ್ಮ ಗಾಡಿ ಫೋಟೋನ ಕ್ಯಾಮೆರಾ ತೆಗೆದಿರೋ ಕೋನದಲ್ಲೇ ತೆಗೆದು ಹಾಕಿ, ಪಕ್ಕಪಕ್ಕ ಇಟ್ಟು ನೋಡಿದೋರಿಗೆ ತಕ್ಷಣ ಗೊತ್ತಾಗ್ಬೇಕು. ಇ-ಚಲನ್ ಪೋರ್ಟಲ್‌ನಲ್ಲೇ ದೂರು ಹಾಕೋ ಜಾಗ ಇದೆ, ಬೆಂಗಳೂರು ಟ್ರಾಫಿಕ್ ಪೊಲೀಸರ ಅಸ್ತ್ರಂ ಆಪ್ ಇದೆ, ಎರಡರಲ್ಲೂ ಆಗ್ಲಿಲ್ಲ ಅಂದ್ರೆ ಇನ್ಫೆಂಟ್ರಿ ರಸ್ತೆಯ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸೆಂಟರ್ ಇದೆ. ದೂರಿನ ನಂಬರ್ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳಿ. ಮತ್ತೆ ಚಲನ್‌ನಲ್ಲಿ ಕೊನೇ ದಿನಾಂಕ ಬರೆದಿದ್ರೆ ಅದರ ಒಳಗೇ ಹಾಕಿ, ಎಷ್ಟೋ ಒಳ್ಳೊಳ್ಳೆ ಕೇಸು ತಡ ಮಾಡಿದ್ದಕ್ಕೇ ಹಾಳಾಗುತ್ತೆ.

ಅಷ್ಟಾದ್ರೂ ಅವರು ಒಪ್ಲಿಲ್ಲ ಅಂದ್ರೆ ಕೇಸು ವರ್ಚುವಲ್ ಕೋರ್ಟಿಗೆ, ಅಂದ್ರೆ ಆನ್‌ಲೈನ್ ಕೋರ್ಟಿಗೆ ಹೋಗ್ಬಹುದು. ಅಲ್ಲಿ ಎರಡೇ ಆಯ್ಕೆ, ದಂಡ ಕಟ್ತೀನಿ ಅನ್ನೋದು ಅಥವಾ ಕೇಸ್ ನಡೆಸ್ತೀನಿ ಅನ್ನೋದು. ಎರಡನೇದು ಒತ್ತಿದ್ರೆ ಮಾಮೂಲಿ ಕೋರ್ಟಿಗೆ ವರ್ಗ ಆಗುತ್ತೆ. ಭಯ ಪಡಬೇಡಿ, ಅಲ್ಲಿ ತಪ್ಪು ಮಾಡಿದೀರಿ ಅಂತ ಸಾಬೀತು ಮಾಡ್ಬೇಕಾದ್ದು ಪೊಲೀಸರ ಕಡೆಯವ್ರು.

ಪ್ರಶ್ನೆ: ಬೆಂಗಳೂರು-ಮೈಸೂರು ಹೈವೇಲಿ ಕಾರು 118ರಲ್ಲಿ ಹೋಯ್ತು ಅಂತ 1000 ರೂಪಾಯಿ ಚಲನ್ ಬಂದಿದೆ. ಓಡ್ಸಿದ್ದು ನಾನೇ, ಸ್ಪೀಡ್ ಹೆಚ್ಚಿದ್ದಿದ್ದೂ ನಿಜ. ಆದ್ರೆ ನೋಟಿಸ್ ಕೈಗೆ ಬಂದಿದ್ದು ಒಂದೂವರೆ ತಿಂಗಳು ಆದ್ಮೇಲೆ. 15 ದಿನದೊಳಗೆ ಬರ್ಲಿಲ್ಲ ಅಂದ್ರೆ ಚಲನ್ ಬಿದ್ದೋಗುತ್ತೆ ಅಂತ ಸ್ನೇಹಿತರು ಹೇಳ್ತಿದಾರೆ. ಕೋರ್ಟಿಗೆ ಹೋಗ್ಲಾ, ಇಲ್ಲಾ ಅರ್ಧ ರಿಯಾಯಿತಿ ಬಿಡೋವರೆಗೂ ಕಾಯ್ಲಾ?
ಓದುಗರು, ಮಂಡ್ಯ

ಉತ್ತರ: ಕಟ್ಟಿ ಮುಗಿಸಿ ಅನ್ನೋದೇ ನನ್ನ ಸಲಹೆ.

ನಿಮ್ಮ ಸ್ನೇಹಿತರು ಹೇಳಿದ್ರಲ್ಲಿ ಅರ್ಧ ಸತ್ಯ ಇದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅಂತ ಸೇರ್ಸಿದ್ರು, ಕ್ಯಾಮೆರಾದಲ್ಲಿ ಸಿಕ್ಕ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸ್ಬೇಕು ಅಂತ ಅದ್ರಲ್ಲಿದೆ. ಆದ್ರೆ ತಡ ಆದ್ರೆ ಚಲನ್ ತಾನಾಗೇ ರದ್ದು ಅಂತ ಆ ನಿಯಮದಲ್ಲಿ ಬರೆದಿಲ್ಲ, ಅದು ಮ್ಯಾಜಿಸ್ಟ್ರೇಟರ ಮುಂದೆ ನೀವು ಎತ್ತಬಹುದಾದ ಒಂದು ವಾದ ಅಷ್ಟೇ. ಅದೂ ಅಲ್ದೆ ಪೋಸ್ಟ್ ಕೈಗೆ ಬಂದ ದಿನನೇ ಮೊದಲ ನೋಟಿಸ್ ಅಂತ ಅಂದ್ಕೋಬೇಡಿ, ಆರ್‌ಸಿಯಲ್ಲಿರೋ ಮೊಬೈಲ್‌ಗೆ ಮುಂಚೆನೇ ಎಸ್‌ಎಂಎಸ್ ಹೋಗಿರ್ಬಹುದು, ಆ ನಂಬರ್ ನೀವು ಯಾವತ್ತೋ ಬಿಟ್ಟಿರೋದೂ ಆಗಿರ್ಬಹುದು. ಮೊದ್ಲು ಅದನ್ನ ಅಪ್‌ಡೇಟ್ ಮಾಡ್ಸಿ.

ಒಂದು ವಾದ ಇದೆ ಅಂದ ಮಾತ್ರಕ್ಕೆ ಕೋರ್ಟಿಗೆ ಹೋಗ್ಬೇಕು ಅಂತಿಲ್ಲ. ಒಂದು ವಾಯಿದೆಗೆ ಹೋಗಿ ಬರೋಕೆ ಒಂದು ದಿನದ ಕೆಲಸ ಬಿಡ್ಬೇಕು, ಒಂದೇ ವಾಯಿದೆಗೆ ಮುಗಿಯೋ ಭರವಸೆ ಇಲ್ಲ, ವಕೀಲರನ್ನ ಇಟ್ಕೊಂಡ್ರೆ ಅವರ ಫೀಸು ಬೇರೆ. ಅಲ್ಲಿ ನಿಂತು "ನಾನು ಜೋರಾಗಿ ಹೋಗಿಲ್ಲ" ಅಂತ ಹೇಳೋಕೂ ನಿಮಗೆ ಆಗಲ್ಲ, ಯಾಕಂದ್ರೆ ಹೋಗಿದ್ದು ನಿಜ ಅಂತ ನೀವೇ ಬರ್ದಿದೀರಿ. ಆ ರಸ್ತೇಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. 130 ದಾಟಿದ್ರೆ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಫ್‌ಐಆರ್‌ನೇ ಹಾಕ್ತೀವಿ ಅಂತ ಪೊಲೀಸರು ಹೇಳಿದ್ರು. ಆ ರಸ್ತೆ ಶುರುವಾದಾಗಿಂದ ಎಷ್ಟು ಜೀವ ಹೋಗಿದೆ ಅಂತ ಮಂಡ್ಯದವರಾದ ನಿಮಗೆ ನಾನು ಹೇಳ್ಬೇಕಾಗಿಲ್ಲ, ದಯವಿಟ್ಟು ನಿಧಾನಕ್ಕೆ ಓಡ್ಸಿ.

ಹಂಗಂತ ಸ್ಪೀಡ್ ಚಲನ್ ಪ್ರಶ್ನೆ ಮಾಡ್ಲೇಬಾರ್ದು ಅಂತಲ್ಲ. ಫೋಟೋದಲ್ಲಿ ಎರಡು ಗಾಡಿ ಅಕ್ಕಪಕ್ಕ ಇದ್ದು ಯಾವುದರ ವೇಗ ಅಂತ ಗೊತ್ತಾಗ್ತಿಲ್ಲ, ಕಾರನ್ನ ಲಾರಿ ಅಂತ ಬರೆದು ಲಾರಿ ಮಿತಿ ಹಾಕಿದಾರೆ, ಆ ಸಮಯಕ್ಕೆ ನಿಮ್ಮ ಕಾರು ಸರ್ವಿಸ್ ಸೆಂಟರ್‌ನಲ್ಲಿತ್ತು, ಇಂಥದ್ದಾದ್ರೆ ಖಂಡಿತ ಹೋರಾಡಿ. ಅದೇ 167ಎ ನಿಯಮದಲ್ಲಿ ಇನ್ನೂ ಕೆಲವು ಉಪಯೋಗಕ್ಕೆ ಬರೋ ಮಾತಿವೆ. ವೇಗ ಅಳೆಯೋ ಉಪಕರಣಕ್ಕೆ ಅನುಮೋದನೆ ಪ್ರಮಾಣಪತ್ರ ಇರ್ಬೇಕು, ಅದನ್ನ ವರ್ಷ ವರ್ಷ ನವೀಕರಿಸ್ಬೇಕು, ಕ್ಯಾಮೆರಾ ಇದೆ ಅಂತ ಮುಂಚೆನೇ ಬೋರ್ಡ್ ಹಾಕಿರ್ಬೇಕು, ಚಲನ್‌ನಲ್ಲಿ ಉಪಕರಣ ತೋರ್ಸಿದ ಅಳತೆ, ಜಾಗ, ಸಮಯ, ಯಾವ ಸೆಕ್ಷನ್ ಅನ್ನೋದೆಲ್ಲಾ ಇರ್ಬೇಕು. ಎಲೆಕ್ಟ್ರಾನಿಕ್ ಸಾಕ್ಷಿಗೆ ಪ್ರಮಾಣಪತ್ರನೂ ಬೇಕು, ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ನಿಜವಾಗ್ಲೂ ತಪ್ಪು ಮಾಡದೋರಿಗೆ ಇವೆಲ್ಲ ದೊಡ್ಡ ಆಸರೆ.

ರಿಯಾಯಿತಿಗೆ ಕಾಯೋ ವಿಷ್ಯ. 2023ರ ಫೆಬ್ರವರಿಯಲ್ಲಿ ಹಳೇ ಚಲನ್‌ಗಳಿಗೆ ಅರ್ಧ ಬಿಟ್ಟಿದ್ರು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಬಿಟ್ರು, ಅದಕ್ಕೇ ಜನ ಕಾಯೋದನ್ನ ಅಭ್ಯಾಸ ಮಾಡ್ಕೊಂಡಿದಾರೆ. ಮುಂದಿನದು ಯಾವಾಗ, ನಿಮ್ಮ ಚಲನ್ ಅದರ ವ್ಯಾಪ್ತಿಗೆ ಬರುತ್ತಾ ಅನ್ನೋದು ಯಾರಿಗೂ ಮೊದ್ಲೇ ಗೊತ್ತಿರಲ್ಲ. 500 ಉಳಿಸೋಕೆ ಹೋಗಿ ಸಮನ್ಸ್ ಬರೋ ಹಂಗೆ ಮಾಡ್ಕೋಬೇಡಿ. ಲೋಕ ಅದಾಲತ್‌ಗೆ ಹೋಗ್ತೀನಿ ಅನ್ನೋರಿಗೂ ಒಂದು ಮಾತು, ಅದು ರಾಜಿ ಮಾಡ್ಕೊಳೋ ಜಾಗ, ತಪ್ಪು ಮಾಡಿಲ್ಲ ಅಂತ ವಾದ ಮಾಡೋ ಜಾಗ ಅಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಅಲ್ಲಿನ ತೀರ್ಮಾನದ ಮೇಲೆ ಅಪೀಲೂ ಇಲ್ಲ.

ಪ್ರಶ್ನೆ: ಹಿಂದೆ ಆಂಬುಲೆನ್ಸ್ ಸೈರನ್ ಹಾಕ್ಕೊಂಡು ನಿಂತಿತ್ತು, ದಾರಿ ಬಿಡೋಕೆ ಕೆಂಪು ದೀಪ ಇದ್ದಾಗ್ಲೇ ಗೆರೆ ದಾಟಿ ಮುಂದೆ ಹೋಗಿ ನಿಂತೆ. ಈಗ ಸಿಗ್ನಲ್ ಜಂಪ್ ಅಂತ ಚಲನ್ ಬಂದಿದೆ. ಒಳ್ಳೇದು ಮಾಡಿದ್ದಕ್ಕೆ ಇದಾ ಬಹುಮಾನ?
ಓದುಗರು, ಬೆಂಗಳೂರು

ಉತ್ತರ: ನೀವು ಮಾಡಿದ್ದು ಸರಿ. ಆಂಬುಲೆನ್ಸ್‌ಗೆ ದಾರಿ ಬಿಡದೇ ಇದ್ರೆ ಮೋಟಾರು ವಾಹನ ಕಾಯ್ದೆಯ 194ಇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೂ ದಂಡ ಇದೆ, ಅಂದ್ರೆ ಕಾನೂನೇ ದಾರಿ ಬಿಡು ಅನ್ನುತ್ತೆ. ಕ್ಯಾಮೆರಾಗೆ ಕಾಣಿಸಿದ್ದು ಗೆರೆ ದಾಟಿದ್ದು ಮಾತ್ರ. ಕಟ್ಟೋಕೆ ಮುಂಚೆನೇ ಆಕ್ಷೇಪಣೆ ಹಾಕಿ, ಕಟ್ಟಿದ್ಮೇಲೆ ಹಣ ವಾಪಸ್ ತಗೊಳೋದು ಬಹಳ ಕಷ್ಟ. ಸಮಯ ಬರೆದು, ಆ ಜಂಕ್ಷನ್ನಿನ ವಿಡಿಯೋ ಪರಿಶೀಲಿಸಿ ಅಂತ ಕೇಳಿ, ಕಾರಲ್ಲಿ ಡ್ಯಾಶ್‌ಕ್ಯಾಮ್ ಇದ್ರೆ ಆ ತುಣುಕು ಕೊಡಿ. ಬೇಗ ಮಾಡಿ. ಗೆರೆ ದಾಟಿ ಸ್ವಲ್ಪ ಮುಂದೆ ಪಕ್ಕಕ್ಕೆ ನಿಂತಿದ್ರೆ ಒಪ್ಪೋ ಸಾಧ್ಯತೆ ಜಾಸ್ತಿ, ಆಂಬುಲೆನ್ಸ್ ನೆಪದಲ್ಲಿ ಇಡೀ ಜಂಕ್ಷನ್ ದಾಟಿ ಹೋಗಿದ್ರೆ ನಾನೂ ನಿಮ್ಮ ಪರ ವಾದ ಮಾಡೋಕಾಗಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾರಿದ ಬೈಕಿನ ಚಲನ್‌ಗಳು ಈಗ್ಲೂ ನನಗೇ ಬರ್ತಿವೆ. ತಗೊಂಡೋರು ಹೆಸರು ಬದಲಾಯಿಸ್ಕೊಂಡಿಲ್ಲ, ಫೋನೂ ತೆಗೀತಿಲ್ಲ.
ಓದುಗರು, ದಾವಣಗೆರೆ

ಉತ್ತರ: ಇದು ಬಹಳ ಮನೆಗಳ ಗೋಳು, ಮತ್ತೆ ಕಾನೂನು ನಿಮ್ಮ ಕಡೆ ಅಷ್ಟಾಗಿ ಇಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಒಂದು ಅಪಘಾತ ಪರಿಹಾರದ ಕೇಸಲ್ಲಿ ಸ್ಪಷ್ಟವಾಗಿ ಹೇಳಿದೆ, ಗಾಡಿ ಕೈ ಬದಲಾಗಿ ಎಷ್ಟು ದಿನ ಆಗಿದ್ರೂ ಅಷ್ಟೇ. ಅದಕ್ಕೇ ಚಲನ್‌ಗಿಂತ ಆರ್‌ಸಿ ನಿಮ್ಮ ದೊಡ್ಡ ಚಿಂತೆ ಆಗ್ಬೇಕು.

ಮಾರಿದಾಗ ಬರೆಸಿದ ಕರಾರು, ಗಾಡಿ ಒಪ್ಪಿಸಿದ ರಸೀದಿ, ಹಣ ಖಾತೆಗೆ ಬಂದ ದಾಖಲೆ, ಅವರ ಗುರುತಿನ ಚೀಟಿ ನಕಲು, ಏನಿದ್ಯೋ ಎಲ್ಲಾ ಹುಡುಕಿ ತೆಗೀರಿ. ಮಾರಿದೋರು 14 ದಿನದೊಳಗೆ ಆರ್‌ಟಿಓಗೆ ಫಾರಂ 29ರಲ್ಲಿ ತಿಳಿಸ್ಬೇಕಿತ್ತು, ಆಗ ಕೊಟ್ಟಿಲ್ಲ ಅಂದ್ರೆ ಈಗ್ಲಾದ್ರೂ ಹೋಗಿ ವಿಚಾರಿಸಿ, ಲಿಖಿತವಾಗಿ ಕೊಟ್ಟು ಸೀಲ್ ಹಾಕಿಸ್ಕೊಳಿ. ತಗೊಂಡೋರ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳ್ಸಿ, ಅದರ ನಕಲು ಇಟ್ಟು ಸ್ಟೇಷನ್‌ಗೆ ಒಂದು ಅರ್ಜಿ ಕೊಡಿ. ಓಡಿಸ್ತಿದ್ದೋರು ಯಾರು ಅಂತ ಪೊಲೀಸರು ಕೇಳಿದ್ರೆ ಹೇಳೋದು ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಮಾಲೀಕರ ಕರ್ತವ್ಯ, ಅದನ್ನೇ ನೀವು ಅವಕಾಶ ಮಾಡ್ಕೊಂಡು ಇಂಥ ದಿನ ಇಂಥವರಿಗೆ ಗಾಡಿ ಕೊಟ್ಟೆ ಅಂತ ದಾಖಲೆ ಸಮೇತ ಪ್ರತಿ ಚಲನ್‌ಗೂ ಆಕ್ಷೇಪಣೆ ಹಾಕಿ. ಎಲ್ಲ ರದ್ದಾಗುತ್ತೆ ಅಂತ ನಾನು ಮಾತು ಕೊಡಲ್ಲ, ಕೆಲವು ನೀವೇ ಕಟ್ಬೇಕಾಗಿ ಬರಬಹುದು. ಆದ್ರೆ ಆ ಬೈಕಿಗೆ ಇನ್ಶೂರೆನ್ಸ್ ಇದೆಯಾ ಅಂತ ಇವತ್ತೇ ಎಂಪರಿವಾಹನ್ ಆಪ್‌ನಲ್ಲಿ ನೋಡಿ. ಇಲ್ಲ ಅಂತ ತೋರ್ಸಿದ್ರೆ, ಆ ಬೈಕ್ ಅಪಘಾತ ಮಾಡಿದ್ರೆ ಪರಿಹಾರ ನಿಮ್ಮ ತಲೆ ಮೇಲೇ ಬರಬಹುದು, ಹಂಗಾಗಿ ಆರ್‌ಟಿಓ ಕೆಲಸ ನಾಳೆಗೆ ತಳ್ಳಬೇಡಿ.