ಹಳೆಯ ವಿಡಿಯೋ ಗೇಮ್, ಹೊಸ ಕಂಟ್ರೋಲರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡ, ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡುವ 8 ಬಿಟ್ ವಿಡಿಯೋ ಗೇಮ್ ನಮ್ಮ ಮನೆಯಲ್ಲಿದೆ. ಸೆಟ್ ಈಗಲೂ ಚೆನ್ನಾಗಿದೆ. ಆದರೆ ಒಂದು ಜಾಯ್‌ಸ್ಟಿಕ್‌ನ ವೈರು ತುಂಡಾಗಿದೆ, ಇನ್ನೊಂದರಲ್ಲಿ ಬಲಕ್ಕೆ ಹೋಗುವ ಬಾಣ ಮಾತ್ರ ಕೆಲಸ ಮಾಡುತ್ತಿಲ್ಲ. ಸೆಗಾ ಮೆಗಾ ಡ್ರೈವ್‌ಗೆಂದು ಹೊಸ ವಿನ್ಯಾಸದಲ್ಲಿ ಬಂದಿರುವ ಆರು ಬಟನ್ನಿನ ಜಾಯ್‌ಸ್ಟಿಕ್ ಆನ್‌ಲೈನ್‌ನಲ್ಲಿ ಕಂಡಿತು. ಅದರ 9 ಪಿನ್ನಿನ ಪ್ಲಗ್ ನಮ್ಮದರಂತೆಯೇ ಇದೆ. ದುಗ್ಗಮ್ಮನ ಜಾತ್ರೆಗೆ ಬರುವ ತಂಗಿಯ ಮಕ್ಕಳು ಆಡಲೆಂದು ಅದನ್ನು ತರಿಸಬಹುದೇ?
– ಓದುಗರು, ವಿನೋಬನಗರ, ದಾವಣಗೆರೆ

ಉತ್ತರ: ದಯವಿಟ್ಟು ತರಿಸಬೇಡಿ. ಪ್ಲಗ್‌ಗಳ ಆಕಾರ ಒಂದೇ ಆದ ಮಾತ್ರಕ್ಕೆ ಒಳಗಿನ ಸಂಪರ್ಕಗಳು ಒಂದೇ ಆಗಿರುವುದಿಲ್ಲ. 1988ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಮೆಗಾ ಡ್ರೈವ್‌ನಲ್ಲಿ 5 ವೋಲ್ಟ್ ವಿದ್ಯುತ್ತು ಬರುವುದು 5ನೆಯ ಪಿನ್ನಿಗೆ. ನಿಮ್ಮಲ್ಲಿರುವುದು, ನಿಮ್ಮ ವಿವರಣೆಯಂತೆ, ನಿಂಟೆಂಡೊ 1983ರಲ್ಲಿ ಹೊರತಂದ ಫ್ಯಾಮಿಕಾಮ್‌ನ ಮಾದರಿಯಲ್ಲಿ ತಯಾರಾದ ಸೆಟ್. ಇಂಥವುಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತು 6ನೆಯ ಪಿನ್ನಿಗೆ ಬರುತ್ತದೆ. ಮೆಗಾ ಡ್ರೈವ್ ಕಂಟ್ರೋಲರ್‌ನಲ್ಲಿ ಅದೇ 6ನೆಯ ಪಿನ್ನು ಬಟನ್ನಿನ ಸಂಕೇತವನ್ನು ಹೊರಗೆ ಕಳಿಸುವ ದಾರಿ. ಸಂಕೇತ ಹೊರಬರಬೇಕಾದ ದಾರಿಯಲ್ಲಿ ವಿದ್ಯುತ್ತು ಒಳನುಗ್ಗಿದರೆ ಹೊಸ ಕಂಟ್ರೋಲರ್‌ನ ಚಿಪ್ಪು ಕೆಡಬಹುದು. ಕೆಡದೆ ಉಳಿದರೂ ಅದರ ಸಂಕೇತ ನಿಮ್ಮ ಸೆಟ್‌ಗೆ ಅರ್ಥವಾಗುವುದಿಲ್ಲ.

ನಿಮ್ಮ ಪತ್ರವನ್ನು ಓದಿದರೆ, ನಿಮಗೆ ಹೊಸ ಕಂಟ್ರೋಲರ್‌ನ ಅಗತ್ಯವೇ ಇಲ್ಲವೆಂದು ನನಗೆ ತೋರುತ್ತದೆ. ಫ್ಯಾಮಿಕಾಮ್ ಮಾದರಿಯ ಕಂಟ್ರೋಲರ್‌ನಲ್ಲಿ ನಾಲ್ಕು ದಿಕ್ಕುಗಳೂ ಸೇರಿ ಎಂಟು ಒತ್ತುಗುಂಡಿಗಳಿದ್ದರೂ ವೈರಿನೊಳಗೆ ಇರುವುದು ಐದೇ ಎಳೆ. ಎರಡು ಎಳೆ ವಿದ್ಯುತ್ತು ಮತ್ತು ಗ್ರೌಂಡ್‌ಗೆ ಹೋದರೆ, ಮೂರನೆಯದರಲ್ಲಿ ಸೆಟ್ ‘ಈಗಿನ ಸ್ಥಿತಿಯನ್ನು ಹಿಡಿದಿಟ್ಟುಕೋ’ ಎಂದು ಆಜ್ಞೆ ಕೊಡುತ್ತದೆ, ನಾಲ್ಕನೆಯದರಲ್ಲಿ ‘ಮುಂದಿನದನ್ನು ಹೇಳು’ ಎಂದು ಒಂದೊಂದಾಗಿ ಕೇಳುತ್ತದೆ, ಐದನೆಯದರಲ್ಲಿ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ ಎಂಬ ಕ್ರಮದಲ್ಲಿ ಉತ್ತರಗಳು ಬರುತ್ತವೆ. ನಿಂಟೆಂಡೊದ ಮೂಲ ಕಂಟ್ರೋಲರ್‌ನಲ್ಲಿ ಈ ಕೆಲಸ ಮಾಡುತ್ತಿದ್ದುದು 4021 ಎಂಬ ಸಾಧಾರಣ ಚಿಪ್ಪು. ಎಂಟೂ ಉತ್ತರಗಳು ಒಂದೇ ಎಳೆಯಲ್ಲಿ ಬರುವುದರಿಂದ, ಏಳು ಗುಂಡಿಗಳು ಸರಿಯಾಗಿದ್ದು ಒಂದು ಮಾತ್ರ ಸತ್ತಿದ್ದರೆ ದೋಷ ವೈರಿನಲ್ಲಿರಲು ಸಾಧ್ಯವೇ ಇಲ್ಲ. ಅದು ಬಹುಮಟ್ಟಿಗೆ ಗುಂಡಿಯ ಅಡಿಯ ರಬ್ಬರಿನಲ್ಲಿ ಅಥವಾ ರಬ್ಬರು ತಾಗುವ ಕಪ್ಪು ಕಾರ್ಬನ್ ಪಟ್ಟಿಯಲ್ಲಿರುತ್ತದೆ.

ಆದ್ದರಿಂದ ಎರಡನೆಯ ಕಂಟ್ರೋಲರ್‌ನ ಹಿಂಬದಿಯ ಸ್ಕ್ರೂಗಳನ್ನು ತೆಗೆದು, ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಹತ್ತಿಯ ತುದಿಯನ್ನು ಅದ್ದಿ, ಆ ಪಟ್ಟಿಯನ್ನೂ ರಬ್ಬರಿನ ಕಪ್ಪು ಬೊಟ್ಟನ್ನೂ ಮೃದುವಾಗಿ ಒರೆಸಿರಿ. ಬ್ಲೇಡಿನಿಂದಾಗಲಿ ಉಪ್ಪುಕಾಗದದಿಂದಾಗಲಿ ಕೆರೆಯಬಾರದು. ಕಾರ್ಬನ್ ಪದರವೇ ಕಿತ್ತುಹೋಗುತ್ತದೆ. ನಮ್ಮ ಊರಿನ ಧೂಳಿನಲ್ಲಿ ಇಷ್ಟು ವರ್ಷ ಇದ್ದ ವಸ್ತುವಿಗೆ ಬಹಳ ಸಲ ಇಷ್ಟೇ ಸಾಕಾಗುತ್ತದೆ. ಬೊಟ್ಟು ಪೂರ್ತಿ ಸವೆದಿದ್ದರೆ, ವೈರು ತುಂಡಾದ ಮೊದಲನೆಯದರ ರಬ್ಬರನ್ನು ಇದಕ್ಕೆ ಹಾಕಿ ನೋಡಿ. ಆ ಮೊದಲನೆಯದಕ್ಕೆ ಟಿವಿ ಮೆಕ್ಯಾನಿಕ್ ಹೊಸ ವೈರು ಬೆಸೆದುಕೊಡಬಲ್ಲರು. ತಯಾರಕರಿಂದ ತಯಾರಕರಿಗೆ ವೈರಿನ ಬಣ್ಣಗಳು ಬದಲಾಗುವುದರಿಂದ, ಬಣ್ಣವನ್ನು ನಂಬದೆ ಯಾವ ಎಳೆ ಯಾವ ಪಿನ್ನಿಗೆ ಹೋಗುತ್ತದೆ ಎಂಬುದನ್ನು ಮಲ್ಟಿಮೀಟರ್ ಹಿಡಿದು ನೋಡುವಂತೆ ಅವರಿಗೆ ಹೇಳಿರಿ.

ಮುಂದೆ ಎಂದಾದರೂ ಹೊಸದನ್ನೇ ಕೊಳ್ಳುವುದಾದರೆ ದಿಕ್ಕಿನ ಗುಂಡಿಯನ್ನು ಮೊದಲು ಗಮನಿಸಿರಿ. ನಿಂಟೆಂಡೊದ ಗುನ್‌ಪೇ ಯೊಕೊಯಿ 1982ರಲ್ಲಿ ಅಂಗೈಯಗಲದ ಆಟವೊಂದಕ್ಕೆ ರೂಪಿಸಿದ, ಕೂಡು ಚಿಹ್ನೆಯ (+) ಆಕಾರದ ಗುಂಡಿಯ ನಡುವೆ, ಅಡಿಯಲ್ಲಿ, ಒಂದು ಉಬ್ಬು ಇರುತ್ತದೆ. ಗುಂಡಿ ಅದರ ಮೇಲೆ ವಾಲುವುದರಿಂದ ಎಡ ಒತ್ತಿದಾಗ ಬಲ ತಾನಾಗಿ ಮೇಲೇಳುತ್ತದೆ. ಅಗ್ಗದ ಕಂಟ್ರೋಲರ್‌ಗಳಲ್ಲಿ ಈ ಉಬ್ಬು ಬೇಗ ಸವೆದು, ಜೋರಾಗಿ ಒತ್ತಿದರೆ ಎಡಬಲಗಳೆರಡೂ ಒಟ್ಟಿಗೆ ತಾಗುತ್ತವೆ. ಹಿಡಿಕೆ ಎಷ್ಟೇ ಸುಂದರವಾಗಿರಲಿ, ಈ ಉಬ್ಬು ಸರಿಯಿಲ್ಲದ ಕಂಟ್ರೋಲರ್ ನನ್ನ ದೃಷ್ಟಿಯಲ್ಲಿ ಕೊಳ್ಳಲು ಯೋಗ್ಯವಲ್ಲ.

ಪ್ರಶ್ನೆ: ಅಮೆರಿಕದಲ್ಲಿದ್ದ ನಮ್ಮ ಭಾವ ಊರಿಗೆ ಮರಳುವಾಗ ನಿಂಟೆಂಡೊ 64 ತಂದುಕೊಟ್ಟಿದ್ದಾರೆ. ಅದರ ಮೂರು ಹಿಡಿಕೆಯ ಕಂಟ್ರೋಲರ್‌ನ ಸ್ಟಿಕ್ ಸಡಿಲವಾಗಿ ಒಂದು ಪಕ್ಕಕ್ಕೆ ವಾಲಿಕೊಂಡಿದೆ, ಆಟದೊಳಗಿನ ಮನುಷ್ಯ ಓಡುವ ಬದಲು ನಡೆಯುತ್ತಾನೆ. ಎರಡು ಹಿಡಿಕೆಯ ಹೊಸ ವಿನ್ಯಾಸದ್ದು ಕೊಳ್ಳುವುದೋ, ಹಳೆಯದನ್ನೇ ಸರಿಪಡಿಸುವುದೋ?
– ಓದುಗರು, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: 1996ರ ಈ ಕಂಟ್ರೋಲರ್‌ನಲ್ಲಿ ಕೆಡುವುದು ವಿದ್ಯುತ್ ಭಾಗಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್. ಸ್ಟಿಕ್ ವಾಲಿದಾಗ ಒಳಗಿನ ಎರಡು ಸೀಳುಗಳುಳ್ಳ ಚಕ್ರಗಳು ತಿರುಗುತ್ತವೆ, ಸೀಳುಗಳ ಮೂಲಕ ಹಾಯುವ ಬೆಳಕನ್ನು ಎಣಿಸಿ ಸ್ಟಿಕ್ ಎಷ್ಟು ವಾಲಿದೆ ಎಂಬುದನ್ನು ಲೆಕ್ಕ ಹಾಕಲಾಗುತ್ತದೆ. ಎಣಿಕೆ ಕರಾರುವಾಕ್ಕಾದದ್ದೇ. ಆದರೆ ಸ್ಟಿಕ್‌ನ ಬುಡ ಅಡಿಯ ಪ್ಲಾಸ್ಟಿಕ್ ಬಟ್ಟಲಿಗೆ ಉಜ್ಜಿ ಉಜ್ಜಿ ಎರಡೂ ಸವೆಯುತ್ತವೆ. ಬಿಚ್ಚಿದರೆ ಬಟ್ಟಲಿನ ತಳದಲ್ಲಿ ನುಣುಪಾದ ಪುಡಿ ನಿಮಗೆ ಕಾಣಸಿಗುತ್ತದೆ. ಸವೆದ ಸ್ಟಿಕ್ ಚಕ್ರವನ್ನು ಪೂರ್ತಿ ತಿರುಗಿಸಲಾರದು, ಆದ್ದರಿಂದಲೇ ಓಡಬೇಕಾದವನು ನಡೆಯುತ್ತಾನೆ. ಬಿಡಿಭಾಗ ತರಿಸುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿರಿ. ಈ ಯಂತ್ರ ಆನ್ ಆದಾಗ ಸ್ಟಿಕ್ ಎಲ್ಲಿದೆಯೋ ಅದನ್ನೇ ನಡುವೆಂದು ತಿಳಿಯುತ್ತದೆ. ಸ್ಟಿಕ್ ಮುಟ್ಟದೆ ಎಲ್, ಆರ್, ಸ್ಟಾರ್ಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ನಡುವನ್ನು ಮತ್ತೆ ಗುರುತಿಸಿಕೊಳ್ಳುತ್ತದೆ. ಇದಾದ ಮೇಲೂ ಓಟ ಬಾರದಿದ್ದರೆ ಸವೆತವೇ ಕಾರಣ.

ನನ್ನ ಸಲಹೆಯೆಂದರೆ ಹಳೆಯ ಮೈಯನ್ನು ಉಳಿಸಿಕೊಂಡು ಸ್ಟಿಕ್‌ನ ಭಾಗವನ್ನಷ್ಟೇ ಬದಲಿಸುವುದು. ಹಾಲ್ ಎಫೆಕ್ಟ್ ಸಂವೇದಕವಿರುವ ಬದಲಿ ಸ್ಟಿಕ್‌ಗಳು ಈಗ ಸಿಗುತ್ತವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ತತ್ವದ ಮೇಲೆ ನಡೆಯುವ ಇವುಗಳಲ್ಲಿ ಆಯಸ್ಕಾಂತದ ಚಲನೆಯನ್ನು ದೂರದಿಂದಲೇ ಅಳೆಯುವುದರಿಂದ, ಅಳೆಯುವ ಭಾಗಕ್ಕೆ ಉಜ್ಜಾಟವೇ ಇಲ್ಲ. ಇದು ಇತ್ತೀಚಿನ ಆವಿಷ್ಕಾರವೇನೂ ಅಲ್ಲ. ಸೆಗಾ ತನ್ನ 1998ರ ಡ್ರೀಮ್‌ಕ್ಯಾಸ್ಟ್‌ನ ಕಂಟ್ರೋಲರ್‌ನಲ್ಲಿ ಇದನ್ನೇ ಬಳಸಿತ್ತು. ಅಷ್ಟು ಹಿಂದೆಯೇ ಗೊತ್ತಿದ್ದ ಒಳ್ಳೆಯ ಉಪಾಯವನ್ನು ಉದ್ಯಮ ಇಷ್ಟು ಕಾಲ ಬದಿಗಿಟ್ಟಿತಲ್ಲ ಎಂಬ ಬೇಸರ ನನಗಿದೆ.

ಕೊಳ್ಳುವಾಗ ಸಂವೇದಕ ಯಾವುದೆಂದು ಕೇಳುವುದರ ಜೊತೆಗೆ ಅದರ ವ್ಯಾಪ್ತಿಯನ್ನೂ ವಿಚಾರಿಸಿರಿ. ಮೂಲ ಸ್ಟಿಕ್ ನಡುವಿನಿಂದ ಅಂಚಿಗೆ ಸುಮಾರು 80ರಷ್ಟು ಎಣಿಕೆ ಕೊಡುತ್ತಿತ್ತು, ಆಟಗಳನ್ನು ಬರೆದವರೂ ಅದನ್ನೇ ನೆಚ್ಚಿಕೊಂಡಿದ್ದರು. ಕೆಲವು ಬದಲಿ ಸ್ಟಿಕ್‌ಗಳು ಸಂಕೇತಕ್ಕೆ ಸಾಧ್ಯವಿರುವ 127ರವರೆಗೂ ಹೋಗುತ್ತವೆ. ಆಗ ಸ್ವಲ್ಪ ಮುಟ್ಟಿದರೂ ಗುರಿ ಹಾರಿಹೋಗಿ, ಬಂದೂಕಿನ ಆಟಗಳಲ್ಲಿ ನಿಖರತೆಯೇ ಇಲ್ಲದಂತಾಗುತ್ತದೆ. ಹೊಸ ವಿನ್ಯಾಸ ಸವೆಯುವ ಭಾಗವನ್ನು ತೆಗೆದುಹಾಕಬೇಕೇ ಹೊರತು ಆಟಗಾರನ ಬೆರಳಿಗೂ ಆಟಕ್ಕೂ ಇರುವ ಅಳತೆಯನ್ನು ಬದಲಿಸಬಾರದು.

ಎರಡು ಹಿಡಿಕೆಯದು ಬೇಡವೇ ಬೇಡ ಎನ್ನುವುದಿಲ್ಲ. ಚಿಕ್ಕ ಕೈಗಳಿಗೆ ಅದು ಹಿತವಾಗಿರುತ್ತದೆ. ಆದರೆ ಮೂಲದ ಹಿಂಬದಿಯಲ್ಲಿ ಮೆಮೊರಿ ಪ್ಯಾಕ್ ಸಿಕ್ಕಿಸುವ ಜಾಗವಿದೆ, ಎಲ್ಲ ಹೊಸ ಮಾದರಿಗಳಲ್ಲೂ ಅದು ಇರುವುದಿಲ್ಲ, ಕೆಲವು ಆಟಗಳ ಪ್ರಗತಿ ಆ ಪ್ಯಾಕ್‌ನಲ್ಲಿ ಮಾತ್ರ ಉಳಿಯುತ್ತದೆ. ಇನ್ನೊಂದು ವಿಷಯ: ನಿಮ್ಮ ಸೆಟ್ ಅಮೆರಿಕದ 120 ವೋಲ್ಟ್‌ನದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್‌ನ ಗೋಡೆಯ ಸಾಕೆಟ್‌ಗೆ ಹಾಕಲೇಬೇಡಿ.

ಪ್ರಶ್ನೆ: ಹಳೆಯ ವಿಡಿಯೋ ಗೇಮ್‌ನ ಬಂದೂಕು ಹೊಸ ಎಲ್‌ಇಡಿ ಟಿವಿಯಲ್ಲಿ ಒಂದು ಬಾತುಕೋಳಿಯನ್ನೂ ಹೊಡೆಯುತ್ತಿಲ್ಲ. ಇದಕ್ಕೆ ಬದಲಿ ಸಿಗುವುದೇ?
– ಓದುಗರು, ಹರಿಹರ

ಉತ್ತರ: ನಿಮ್ಮ ಬಂದೂಕು ಸರಿಯಾಗಿಯೇ ಇರಬಹುದು. ಟ್ರಿಗರ್ ಎಳೆದ ಕೂಡಲೇ ಆಟ ಪರದೆಯನ್ನು ಕ್ಷಣಕಾಲ ಕಪ್ಪಾಗಿಸಿ ಹಕ್ಕಿಯಿರುವಲ್ಲಿ ಬಿಳಿಯ ಚೌಕ ತೋರಿಸುತ್ತದೆ, ಬಂದೂಕಿನ ಕಣ್ಣು ಆ ಬೆಳಕನ್ನು ಅದೇ ಗಳಿಗೆಯಲ್ಲಿ ಕಾಣಬೇಕು. ಹೊಸ ಟಿವಿಗಳು ಚಿತ್ರವನ್ನು ತಡವಾಗಿ ತೋರಿಸುವುದರಿಂದ ಲೆಕ್ಕ ತಪ್ಪುತ್ತದೆ. ಕ್ಯಾಮೆರಾ ಅಳವಡಿಸಿದ ಹೊಸ ಬಂದೂಕುಗಳು ಕಂಪ್ಯೂಟರಿನಲ್ಲಿ ಆಡುವವರಿಗೆ ಬಂದಿವೆ. ನಿಮ್ಮ ಸೆಟ್‌ಗೆ ಹಳೆಯ ಡಬ್ಬಾ ಟಿವಿಯೇ ಬೇಕು.

ಪ್ರಶ್ನೆ: ಪ್ಲೇಸ್ಟೇಷನ್ 2ಕ್ಕೆ ಕೊಂಡ ಹೊಸ ವೈರ್‌ಲೆಸ್ ಕಂಟ್ರೋಲರ್‌ನಲ್ಲಿ ಕಾರು ಒಂದೋ ಪೂರ್ಣ ವೇಗದಲ್ಲಿ ಹೋಗುತ್ತದೆ, ಇಲ್ಲವೇ ನಿಲ್ಲುತ್ತದೆ. ಜೊತೆಗೆ ಎಲ್ಲವೂ ಕೊಂಚ ತಡವಾಗಿ ನಡೆಯುವಂತೆ ಅನಿಸುತ್ತದೆ.
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: 2000ದಲ್ಲಿ ಈ ಯಂತ್ರದ ಜೊತೆ ಬಂದ ಡ್ಯುಯಲ್‌ಶಾಕ್ 2ರಲ್ಲಿ ಬಹುತೇಕ ಗುಂಡಿಗಳು ಒತ್ತಡವನ್ನು ಅಳೆಯುತ್ತವೆ; ಮೆಲ್ಲಗೆ ಒತ್ತಿದರೆ ಕಾರು ಮೆಲ್ಲಗೆ ಹೋಗುತ್ತದೆ. ಅನೇಕ ಬದಲಿ ಕಂಟ್ರೋಲರ್‌ಗಳು ಖರ್ಚು ಉಳಿಸಲು ಈ ಸೌಲಭ್ಯವನ್ನು ಕೈಬಿಟ್ಟಿವೆ, ಅದನ್ನು ಪೊಟ್ಟಣದ ಮೇಲೆ ಹೇಳುವುದೂ ಇಲ್ಲ. ಇದು ಗ್ರಾಹಕರಿಗೆ ಆಗುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಸದ್ಯಕ್ಕೆ, ಆಟದ ಸೆಟ್ಟಿಂಗ್‌ನಲ್ಲಿ ಅವಕಾಶವಿದ್ದರೆ ವೇಗದ ನಿಯಂತ್ರಣವನ್ನು ಬಲಗಡೆಯ ಸ್ಟಿಕ್‌ಗೆ ವಹಿಸಿರಿ.

ತಡದ ದೋಷವನ್ನು ವೈರ್‌ಲೆಸ್ ಮೇಲೆ ಹೊರಿಸುವ ಮುನ್ನ ಹಳೆಯ ವೈರಿನ ಕಂಟ್ರೋಲರ್ ಹಾಕಿ ಅದೇ ಟಿವಿಯಲ್ಲಿ ಆಡಿ ನೋಡಿರಿ. ಅದರಲ್ಲೂ ತಡವಾದರೆ ಕಾರಣ ಟಿವಿ; ಅದರ ಚಿತ್ರದ ಸೆಟ್ಟಿಂಗ್‌ನಲ್ಲಿರುವ ಗೇಮ್ ಮೋಡ್ ಆನ್ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ವೈರಿನದು ಚುರುಕಾಗಿದ್ದು ಹೊಸದು ಮಾತ್ರ ತಡವಾದರೆ, ಮರಳಿಸುವ ಅವಧಿ ಮುಗಿಯುವುದರೊಳಗೆ ಅದನ್ನು ಹಿಂದಿರುಗಿಸಿರಿ.